ಗೊಡ್ಡು ಗಿಡ ಕಟ್ಟಿದ ಕಾಯಿ: ಅಲೆಕ್ ಗ್ರೇ ಅವರ ಕಿರು ಡ್ಯಾಫೋಡಿಲ್

ಡ್ಯಾಫೋಡಿಲ್ ಹೂವನ್ನು ನಮ್ಮ ರೈತರಲ್ಲಿ ಬಹಳ ಮಂದಿ ಕ್ಯಾಲೆಂಡರಿನ ಚಿತ್ರಗಳಲ್ಲಿ ಮಾತ್ರ ನೋಡಿರಬಹುದು. ಈರುಳ್ಳಿಯಂತೆ ಪದರ ಪದರವಾದ ಗೆಡ್ಡೆ, ಬೆಳ್ಳುಳ್ಳಿ ಗಿಡದಂಥ ನೀಳವಾದ ಎಲೆ, ನಡುವೆ ಬಟ್ಟಲು ಇಟ್ಟಂತೆ ಕಾಣುವ ಹಳದಿ ಹೂ. ಕೆಲವು ವಾರ ಒಳ್ಳೆಯ ಚಳಿ ಸಿಕ್ಕದಿದ್ದರೆ ಗೆಡ್ಡೆ ಸರಿಯಾಗಿ ಹೂ ಬಿಡುವುದಿಲ್ಲ. ಆದ್ದರಿಂದ ನಮ್ಮ ಬಯಲುಸೀಮೆಗೆ ಇದು ಹೇಳಿದ ಬೆಳೆಯಲ್ಲ. ಆದರೂ ಈ ಹೂವಿನ ತಳಿಗಾರರೊಬ್ಬರ ಬಾಳನ್ನು ರೈತ ಬಾಂಧವರ ಮುಂದಿಡುವುದಕ್ಕೆ ಕಾರಣವಿದೆ. ದೊಡ್ಡ ಪ್ರಯೋಗಶಾಲೆ ಇಲ್ಲದೆ, ಪುಟ್ಟ ಮಡಿಗಳಲ್ಲಿ ಮತ್ತು ಕುಂಡಗಳಲ್ಲಿ ಅವರು ಬೆಳೆಸಿದ ಒಂದು ಗಿಡ ಇಂದು ಜಗತ್ತಿನ ಕಿರು ಡ್ಯಾಫೋಡಿಲ್ ಪೇಟೆಯನ್ನೇ ಆಳುತ್ತಿದೆ.

ಅವರ ಹೆಸರು ಅಲೆಕ್ ಗ್ರೇ. ಹುಟ್ಟಿದ್ದು 1895ರಲ್ಲಿ. 1920ರ ದಶಕದಲ್ಲಿ ಅವರು ಇಂಗ್ಲೆಂಡಿನ ನೈಋತ್ಯ ತುದಿಯಿಂದ ಸುಮಾರು 45 ಕಿಲೋಮೀಟರ್ ಆಚೆ ಸಮುದ್ರದಲ್ಲಿರುವ ಸಿಲ್ಲಿ ದ್ವೀಪಗಳಿಗೆ ಹೋಗಿ ಹೂವಿನ ತೋಟದ ಮೇಲ್ವಿಚಾರಣೆ ವಹಿಸಿಕೊಂಡರು. ಆ ದ್ವೀಪಗಳಲ್ಲಿ ಚಳಿ ಹದವಾಗಿರುತ್ತದೆ. ಇಂಗ್ಲೆಂಡಿನ ಉಳಿದ ಭಾಗ ಹಿಮದಲ್ಲಿ ಮುಚ್ಚಿಕೊಂಡಿರುವಾಗ ಅಲ್ಲಿ ಹೂ ಅರಳಿರುತ್ತದೆ. ಅಲ್ಲಿನ ರೈತರು ಹೂವನ್ನು ಹಡಗಿಗೆ ಹಾಕಿ, ಪೆನ್‌ಜಾನ್ಸ್ ಬಂದರಿನಲ್ಲಿ ರೈಲಿಗೆ ಏರಿಸಿ, ಲಂಡನ್ನಿನ ಪೇಟೆಗೆ ಕಳಿಸುತ್ತಿದ್ದರು. ದೀಪಾವಳಿಗೆ ಮೊದಲು ಬಂದ ಸೇವಂತಿಗೆಗೂ ಹಬ್ಬ ಕಳೆದ ಮೇಲೆ ಬಂದ ಸೇವಂತಿಗೆಗೂ ಬೆಲೆಯಲ್ಲಿ ಎಷ್ಟು ಅಂತರವೆಂಬುದು ನಿಮಗೆ ಗೊತ್ತೇ ಇದೆ. ಅಲ್ಲಿಯೂ ಅದೇ ಲೆಕ್ಕ. ಒಂದು ವಾರ ಮುಂಚೆ ಅರಳಿದರೆ ಹೂವಿಗೆ ಕೈತುಂಬ ಹಣ.

ಮುಂಚೆ ಅರಳಿಸಲು ಆ ದ್ವೀಪದವರು ಗೆಡ್ಡೆ ಮಡಿಗಳ ಮೇಲೆ ಹುಲ್ಲು ಹರಡಿ ಸುಡುತ್ತಿದ್ದರು. ಹೊಗೆಯಲ್ಲಿರುವ ಎಥಿಲೀನ್ ಅನಿಲ ಗೆಡ್ಡೆಯನ್ನು ಬೇಗ ಎಚ್ಚರಿಸುತ್ತದೆ. ನಮ್ಮಲ್ಲಿ ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುವುದೂ ಇದೇ ಅನಿಲದ ಗುಣದಿಂದಲೇ. ಕಾರಣ ತಿಳಿಯುವುದಕ್ಕೆ ಮೊದಲೇ ಎರಡು ಕಡೆಯ ರೈತರೂ ಅದನ್ನು ಬಳಕೆಗೆ ತಂದಿದ್ದರು.

ಆ ಕಾಲಕ್ಕೆ ಡ್ಯಾಫೋಡಿಲ್ ಬೆಳೆಗಾರರು ದೊಡ್ಡ ಗಂಡಾಂತರವೊಂದರಿಂದ ಆಗತಾನೆ ಪಾರಾಗಿದ್ದರು. ಕಾಂಡದ ಜಂತುಹುಳು ಗೆಡ್ಡೆಗಳನ್ನು ಒಳಗಿನಿಂದಲೇ ಕೊಳೆಸಿ ತೋಟಕ್ಕೆ ತೋಟವನ್ನೇ ಬರಿದು ಮಾಡುತ್ತಿತ್ತು. ಜೇಮ್ಸ್ ರ್‍ಯಾಮ್ಸ್‌ಬಾಟಮ್ ಎಂಬ ಯುವಕರು 1916–17ರ ಸುಮಾರಿಗೆ ಇದಕ್ಕೆ ಬಿಸಿನೀರಿನ ಉಪಚಾರವನ್ನು ಕಂಡುಹಿಡಿದರು. ಗೆಡ್ಡೆಗಳನ್ನು 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ಸೆಲ್ಸಿಯಸ್‌ಗೆ ತುಸು ಮೇಲಿನ ಬಿಸಿನೀರಿನಲ್ಲಿ ಮೂರು ನಾಲ್ಕು ಗಂಟೆ ಅದ್ದಿಟ್ಟರೆ ಹುಳು ಸಾಯುತ್ತದೆ, ಗೆಡ್ಡೆ ಉಳಿಯುತ್ತದೆ. ನಮ್ಮಲ್ಲಿ ಕಬ್ಬಿನ ಬಿತ್ತನೆ ತುಂಡುಗಳಿಗೆ ಕೊಡುವ ಬಿಸಿನೀರಿನ ಉಪಚಾರವೂ ಇದೇ ಜಾತಿಯದು. ಇದು ಸಿಕ್ಕದಿದ್ದರೆ ಗ್ರೇ ಅವರ ಕೈಗೆ ಕೆಲಸ ಮಾಡಲು ಗೆಡ್ಡೆಗಳೇ ಉಳಿಯುತ್ತಿದ್ದವೋ ಇಲ್ಲವೋ.

ಗ್ರೇ ಅವರ ಗುರಿ ಸರಳವಾಗಿತ್ತು. ಇನ್ನೂ ಬೇಗ ಅರಳುವ, ಕೊಯ್ದು ಮಾರಬಹುದಾದ ಹೂವಿನ ತಳಿ ಅವರಿಗೆ ಬೇಕಾಗಿತ್ತು. ಸ್ಪೇನ್ ಮತ್ತು ಪೋರ್ಚುಗಲ್ ಬೆಟ್ಟಗಳ ಕಾಡು ಜಾತಿಗಳು ಗಿಡ್ಡವಾದರೂ ಬೇಗ ಅರಳುತ್ತವೆ. ಅವುಗಳ ಆ ಗುಣವನ್ನು ದೊಡ್ಡ ಹೂವಿಗೆ ತರಬೇಕೆಂದು ಅವರು ಆ ಜಾತಿಗಳನ್ನು ಕೂಡಿಸಿ ಸಂಕರಕ್ಕೆ ತೊಡಗಿದರು. ಆದರೆ ಮಕ್ಕಳು ಬಂದದ್ದು ಪುಟ್ಟದಾಗಿ. ಗೇಣುದ್ದದ ಗಿಡ, ಬೆರಳುಗುರಿನಷ್ಟು ಬಟ್ಟಲು. ಕೊಯ್ದು ಕಟ್ಟು ಕಟ್ಟುವ ವ್ಯಾಪಾರಿಗೆ ಇಂಥ ಹೂ ಯಾವ ಉಪಯೋಗಕ್ಕೂ ಬಾರದು. ಬೇರೆ ಯಾರಾದರೂ ಆಗಿದ್ದರೆ ತಿಪ್ಪೆಗೆ ಎಸೆಯುತ್ತಿದ್ದರು. ಗ್ರೇ ಎಸೆಯಲಿಲ್ಲ. ಅವರ ಮನಸ್ಸು ಆ ಕಿರು ಹೂಗಳ ಕಡೆಗೇ ತಿರುಗಿತು.

ಇಲ್ಲಿ ನನ್ನದೊಂದು ಮಾತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ರಾಗಿಯ ಬೀಜೋತ್ಪಾದನೆ ಹೊಲವೊಂದರಲ್ಲಿ ಉಳಿದವಕ್ಕಿಂತ ಎಷ್ಟೋ ದಿನ ಮುಂಚೆ ತೆನೆ ಬಿಟ್ಟಿದ್ದ ಗಿಡವೊಂದನ್ನು ಬೆರಕೆಯೆಂದು ನಾನೇ ಕೀಳಿಸಿದ್ದೆ. ಬೀಜದ ಹೊಲದಲ್ಲಿ ಅದು ಸರಿಯಾದ ಕ್ರಮವೇ. ಆದರೆ ಕಿತ್ತ ಗಿಡವನ್ನು ಬದುವಿನ ಮೇಲೆ ಬಿಸಾಡದೆ ಆ ತೆನೆಯನ್ನು ಬೇರೆ ಇಟ್ಟುಕೊಂಡು ಬಿತ್ತಿ ನೋಡಬಹುದಿತ್ತಲ್ಲ ಎಂದು ಗ್ರೇ ಅವರ ವಿಷಯ ಓದಿದಾಗಲೆಲ್ಲ ಅನ್ನಿಸುತ್ತದೆ.

ಮುಂದೆ ಗ್ರೇ ಕಾರ್ನ್‌ವಾಲ್ ಜಿಲ್ಲೆಯ ಕ್ಯಾಂಬೋರ್ನ್ ಪಟ್ಟಣದ ಬಳಿ ಟ್ರೆಸ್‌ವಿಥಿಯನ್ ಎಂಬಲ್ಲಿ ಸ್ವಂತ ತೋಟ ಮಾಡಿಕೊಂಡರು. ಸಂಕರಣದ ಕೆಲಸ ಮನೆಯ ಹಿತ್ತಲಲ್ಲೂ ಮಾಡುವಂಥದ್ದೇ. ತಾಯಿ ಹೂ ಪೂರ್ತಿ ಬಿಚ್ಚುವ ಮುಂಚೆಯೇ ಅದರ ಕೇಸರಗಳನ್ನು ಚಿಮುಟದಿಂದ ಕಿತ್ತು, ತಂದೆ ಹೂವಿನ ಪರಾಗವನ್ನು ಸಣ್ಣ ಕುಂಚದಿಂದ ತೆಗೆದು ಶಲಾಕೆಯ ತುದಿಗೆ ಸವರಬೇಕು. ಕಾಂಡಕ್ಕೆ ಚೀಟಿ ಕಟ್ಟಿ, ಎರಡೂ ಕಡೆಯ ಹೆಸರನ್ನು ಪುಸ್ತಕದಲ್ಲಿ ಬರೆಯಬೇಕು. ಬೇಸಿಗೆ ಹೊತ್ತಿಗೆ ಕಾಯಿ ಒಡೆದು ಮಿರಿಮಿರಿ ಕಪ್ಪು ಬೀಜ ಬೀಳುತ್ತದೆ. ತಡಮಾಡದೆ ನೀರು ಬಸಿದು ಹೋಗುವ ಮರಳು ಮಿಶ್ರಿತ ಮಣ್ಣಿನ ಕುಂಡದಲ್ಲಿ ಬಿತ್ತಬೇಕು. ಮೊದಲ ವರ್ಷ ಬರುವುದು ಈರುಳ್ಳಿ ಸಸಿಯಂಥ ಒಂದೇ ಎಳೆ. ಹೂ ಕಾಣಲು ಮೂರರಿಂದ ಐದು ವರ್ಷ ಬೇಕು. ಆ ಹೂ ಚೆನ್ನಾಗಿದೆ ಎನಿಸಿದರೂ ಒಂದು ಗೆಡ್ಡೆ ಎರಡಾಗಿ, ಎರಡು ನಾಲ್ಕಾಗಿ, ಮಾರುವಷ್ಟು ಆಗುವುದಕ್ಕೆ ಮತ್ತೆ ಹತ್ತು ವರ್ಷವಾದರೂ ಹಿಡಿಯುತ್ತದೆ. ಹೂ ಮುಗಿದ ಮೇಲೆ ಎಲೆ ತಾನಾಗಿ ಹಳದಿಯಾಗುವ ತನಕ ಕೊಯ್ಯುವಂತಿಲ್ಲ. ಮುಂದಿನ ವರ್ಷದ ಹೂವಿಗೆ ಬೇಕಾದ ಆಹಾರವನ್ನು ಗೆಡ್ಡೆಗೆ ತುಂಬುವುದು ಆ ಎಲೆಯೇ.

ಈಗ ಅವರ ಬಾಳಿನ ದೊಡ್ಡ ಸಂಗತಿಗೆ ಬರೋಣ. ಅವರ ಬಳಿ ಸೈಕ್ಲಟಾಜ್ ಎಂಬ ಹಳೆಯ ಸಂಕರ ತಳಿಯೊಂದಿತ್ತು. ಅದರ ಒಂದು ಕಡೆಯ ಹಿರಿಯ ಸೈಕ್ಲಮೀನಿಯಸ್ ಎಂಬ ಕಾಡು ಜಾತಿ. ಅದರ ಎಸಳುಗಳು ಓಡುವ ಕುದುರೆಯ ಕಿವಿಗಳಂತೆ ಹಿಂದಕ್ಕೆ ಮಡಚಿರುತ್ತವೆ. 19ನೇ ಶತಮಾನದ ಪ್ರಸಿದ್ಧ ಸಸ್ಯತಜ್ಞರೊಬ್ಬರು ಹಳೆಯ ಪುಸ್ತಕದಲ್ಲಿದ್ದ ಇದರ ಚಿತ್ರವನ್ನು ನೋಡಿ, ಇಂಥ ಹೂ ಇರಲು ಸಾಧ್ಯವೇ ಇಲ್ಲವೆಂದು ತಳ್ಳಿಹಾಕಿದ್ದರು. 1880ರ ದಶಕದಲ್ಲಿ ಅದು ಪೋರ್ಚುಗಲ್ಲಿನಲ್ಲಿ ಮತ್ತೆ ಸಿಕ್ಕಿತು. ಇನ್ನೊಂದು ಕಡೆಯ ಹಿರಿಯ ಗ್ರ್ಯಾಂಡ್ ಸೊಲೇ ಡೋರ್, ಸಿಲ್ಲಿ ದ್ವೀಪದವರು ಗೊಂಚಲು ಗೊಂಚಲಾಗಿ ಬೆಳೆದು ಮಾರುತ್ತಿದ್ದ ಸುವಾಸನೆಯ ಹೂ. ಇಷ್ಟು ದೂರದ ನೆಂಟಸ್ತಿಕೆಯಿಂದ ಹುಟ್ಟಿದ ಸೈಕ್ಲಟಾಜ್ ಹೇಸರಗತ್ತೆಯ ಹಾಗೆ ಗೊಡ್ಡು. ಒಂದು ಕಡೆಯಿಂದ ಬಂದ 7 ವರ್ಣತಂತು, ಇನ್ನೊಂದು ಕಡೆಯಿಂದ ಬಂದ 10 ಒಂದಕ್ಕೊಂದು ಜೋಡಿಯಾಗುವುದಿಲ್ಲ, ಹಾಗಾಗಿ ಬೀಜ ಕಟ್ಟುವುದಿಲ್ಲ.

ಆದರೆ ಒಂದು ವರ್ಷ ಆ ಗೊಡ್ಡು ಗಿಡ ಕಾಯಿ ಕಟ್ಟಿತು. ಯಾರೂ ಪರಾಗ ಸವರಿದ್ದಲ್ಲ, ಗಾಳಿಯೋ ಹುಳುವೋ ಮಾಡಿದ ಕೆಲಸ. ಗ್ರೇ ಅದನ್ನು ಕಂಡು, ಬೀಜವನ್ನು ಜೋಪಾನವಾಗಿ ಬಿತ್ತಿದರು. ಎರಡು ಭಾಗವಾಗಬೇಕಿದ್ದ ಅಂಡಕೋಶ ಭಾಗವಾಗದೆ 17 ವರ್ಣತಂತುಗಳನ್ನೂ ಇಡಿಯಾಗಿ ಹೊತ್ತಿತ್ತು. ಅದಕ್ಕೆ ಪರಾಗದ 7 ಸೇರಿ 24 ಆಯಿತು ಎಂಬುದು ವಿಜ್ಞಾನಿಗಳ ಪರೀಕ್ಷೆಯಿಂದ ಹೊರಬಿದ್ದ ಸಂಗತಿ. ಆ ಒಂದೇ ಕಾಯಿಯಿಂದ ಮೂರು ಹೆಸರಾಂತ ತಳಿಗಳು ಬಂದವು: ಟೆಟ್-ಅ-ಟೆಟ್, ಜಂಬ್ಲಿ, ಕ್ವಿನ್ಸ್.

ಟೆಟ್-ಅ-ಟೆಟ್ ಎಂದರೆ ಫ್ರೆಂಚ್ ಭಾಷೆಯಲ್ಲಿ ತಲೆಗೆ ತಲೆ ಕೊಟ್ಟು ಇಬ್ಬರೇ ಆಡುವ ಗುಟ್ಟಿನ ಮಾತು. ಒಂದೇ ದಂಟಿನಲ್ಲಿ ಎರಡು ಹೂ ಮುಖ ಹತ್ತಿರ ತಂದು ನಿಲ್ಲುವುದರಿಂದ ಆ ಹೆಸರು. 1949ರಲ್ಲಿ ಅದು ಹೆಸರುಪಟ್ಟಿಗೆ ಸೇರಿತು. ಗೇಣುದ್ದಕ್ಕಿಂತ ಹೆಚ್ಚು ಬೆಳೆಯದು, ಗಾಳಿಗೆ ಬೀಳದು, ಬೇಗ ಅರಳುತ್ತದೆ, ಗೆಡ್ಡೆ ಬೇಗ ಮರಿ ಹಾಕುತ್ತದೆ, ಕುಂಡಕ್ಕೆ ಹೇಳಿ ಮಾಡಿಸಿದ್ದು. ಬೇಗ ಅರಳುವ ಹೂ ಹುಡುಕುತ್ತಾ ಹೊರಟವರಿಗೆ ಅದು ಸಿಕ್ಕಿತು, ಆದರೆ ಕೊಯ್ಯುವ ಹೂವಾಗಿ ಅಲ್ಲ. 2010ರ ಸುಮಾರಿಗೆ ನೆದರ್‌ಲೆಂಡ್ಸ್ ದೇಶದ ಡ್ಯಾಫೋಡಿಲ್ ಗೆಡ್ಡೆಯ ಭೂಮಿಯಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚನ್ನು ಈ ಒಂದೇ ತಳಿ ಆಕ್ರಮಿಸಿತ್ತು.

ಈ ಗಿಡವೂ ಬೀಜ ಕಟ್ಟುವುದಿಲ್ಲ. ಬಾಳೆಯನ್ನು ಕಂದಿನಿಂದ ಬೆಳೆಸುವಂತೆ ಇದನ್ನು ಗೆಡ್ಡೆಯಿಂದಲೇ ಬೆಳೆಸಬೇಕು. ಹಾಗಾಗಿ ಬಾಳೆಯ ಕಷ್ಟವೇ ಇದಕ್ಕೂ ಬಂದಿದೆ. ನಂಜುರೋಗ ಒಮ್ಮೆ ಹೊಕ್ಕರೆ ಮರಿಯಿಂದ ಮರಿಗೆ ಹೋಗುತ್ತದೆ. ರೋಗದ ಗಿಡಗಳನ್ನು ಕಣ್ಣಿಟ್ಟು ಕಿತ್ತುಹಾಕಬೇಕಾಗುತ್ತದೆ.

ಇಷ್ಟೆಲ್ಲ ಗೆಡ್ಡೆ ಮಾರಾಟವಾದರೂ ಅದರ ಮೇಲೆ ಗ್ರೇ ಅವರಿಗೆ ಹಕ್ಕಿನ ಹಣ ಕೇಳಲು ದಾರಿ ಇರಲಿಲ್ಲ. ಹೆಸರುಪಟ್ಟಿ ಹೆಸರನ್ನು ಮಾತ್ರ ಕಾಯುತ್ತದೆ, ಒಡೆತನವನ್ನಲ್ಲ. ತಳಿಗಾರರ ಹಕ್ಕಿನ ಕಾಯಿದೆ ಬ್ರಿಟನ್ನಿನಲ್ಲಿ ಬಂದದ್ದೇ 1964ರಲ್ಲಿ, ಆ ಹೊತ್ತಿಗೆ ಇವರ ತಳಿ ಪೇಟೆಗೆ ಬಂದು ಹಳೆಯದಾಗಿತ್ತು. ನಮ್ಮ ದೇಶದ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ ಪ್ರಕಾರ ರೈತರು ತಾವು ಬೆಳೆಸಿ ಉಳಿಸಿಕೊಂಡು ಬಂದ ತಳಿಯನ್ನೂ ತಮ್ಮ ಹೆಸರಿನಲ್ಲಿ ನೋಂದಾಯಿಸಬಹುದು. ಅದಕ್ಕೆ ಅವರಿಂದ ಶುಲ್ಕ ಪಡೆಯುವುದಿಲ್ಲ. ಬೆಳೆ ಸರಕಾರದ ಅಧಿಸೂಚನೆಯ ಪಟ್ಟಿಯಲ್ಲಿರಬೇಕು, ಅಷ್ಟೆ. ನಿಮ್ಮ ಊರಿನಲ್ಲಿ ಅಂಥ ತಳಿ ಇದ್ದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ.

ಗ್ರೇ ನೂರಕ್ಕೂ ಹೆಚ್ಚು ಕಿರು ತಳಿಗಳಿಗೆ ಹೆಸರಿಟ್ಟರು. ಸನ್ ಡಿಸ್ಕ್ (1946), ಕ್ಸಿಟ್ (1948), ಮಿನೋ (1962) ಅವುಗಳಲ್ಲಿ ಕೆಲವು. ಕಿರು ಡ್ಯಾಫೋಡಿಲ್ ಕುರಿತು 1955ರಲ್ಲಿ ಪುಸ್ತಕವನ್ನೂ ಬರೆದರು. ಇವರು ಅಗೆದದ್ದು ಗೆಡ್ಡೆಗಳನ್ನು ಮಾತ್ರವಲ್ಲ. ಸಿಲ್ಲಿಯಲ್ಲಿದ್ದಾಗ ಇತಿಹಾಸಪೂರ್ವ ಕಾಲದ ಜನರ ಮನೆ ನೆಲೆಗಳನ್ನೂ ಉತ್ಖನನ ಮಾಡಿದ್ದರು. ಅದರ ವರದಿ ಎಷ್ಟೋ ವರ್ಷದ ಮೇಲೆ, 1972ರಲ್ಲಿ, ಅಚ್ಚಾಯಿತು. ಕಾಯುವುದು ಅವರಿಗೆ ಹೊಸದೇನಲ್ಲ.

ವಯಸ್ಸಾದ ಮೇಲೆ ಅವರ ಗೆಡ್ಡೆಗಳ ಸಂಗ್ರಹ ಸಾಮರ್‌ಸೆಟ್ ಜಿಲ್ಲೆಯ ಬ್ರಾಡ್‌ಲೀ ತೋಟಕ್ಕೆ ಹೋಯಿತು. 1986ರಲ್ಲಿ ಗ್ರೇ ತೀರಿಕೊಂಡರು. ಒಂದೇ ಕಾಯಿಯ ಆ ಮೂರು ತಳಿಗಳಲ್ಲಿ ಲೋಕವೆಲ್ಲ ಹರಡಿದ್ದು ಒಂದು ಮಾತ್ರ. ಜಂಬ್ಲಿ ಮತ್ತು ಕ್ವಿನ್ಸ್ ಕಿರು ಗೆಡ್ಡೆಗಳ ಮೇಲೆ ಆಸೆಯುಳ್ಳವರ ಹಿತ್ತಲುಗಳಲ್ಲಿ ಇಂದಿಗೂ ಅರಳುತ್ತವೆ.