ಹಳಿಯ ಒಡಲನ್ನು ಪರೀಕ್ಷಿಸಿದ ಎಲ್ಮರ್ ಸ್ಪೆರಿ

ಎಲ್ಮರ್ ಸ್ಪೆರಿಯು 1860ನೆಯ ಇಸವಿ ಅಕ್ಟೋಬರ್ 12ರಂದು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಜನಿಸಿದನು. ಹೆರಿಗೆಯ ಬೆನ್ನಿಗೇ ತಾಯಿ ತೀರಿಕೊಂಡುದರಿಂದ ಬಂಧುಗಳ ಆಶ್ರಯದಲ್ಲಿ ಬೆಳೆದನು. ಯಂತ್ರಗಳೆಂದರೆ ಆತನಿಗೆ ಪಂಚಪ್ರಾಣ. ಹರೆಯದಲ್ಲಿಯೇ ಶಿಕಾಗೋ ನಗರದಲ್ಲಿ ವಿದ್ಯುದ್ದೀಪಗಳ ಕಂಪನಿಯನ್ನು ಸ್ಥಾಪಿಸಿದನು. ಹಡಗುಗಳಿಗೆ ದಿಕ್ಕು ತೋರಿಸಲು ಆತನು ರಚಿಸಿದ ಗೈರೋ ದಿಕ್ಸೂಚಿಯು 1911ರಲ್ಲಿ ಯುದ್ಧನೌಕೆಯೊಂದರಲ್ಲಿ ಪರೀಕ್ಷೆಗೊಳಗಾಯಿತು.

ಅದೇ ವರ್ಷ ಆಗಸ್ಟ್ 25ರಂದು, ಅದೇ ಸಂಸ್ಥಾನದ ಮ್ಯಾಂಚೆಸ್ಟರ್ ಎಂಬ ಊರಿನಲ್ಲಿ ಹಳಿ ಮುರಿದು ರೈಲುಗಾಡಿಯು ಉರುಳಿತು; 29 ಜನರು ಅಸುನೀಗಿದರು. ಬಿರುಕು ಹಳಿಯ ಒಡಲೊಳಗೇ ಅಡಗಿತ್ತು. ಮೇಲಿನಿಂದ ನೋಡುವವರಿಗೆ ಅಂತಹ ದೋಷ ಕಾಣುವುದಾದರೂ ಹೇಗೆ?

ಈ ಪ್ರಶ್ನೆಯನ್ನು ಸ್ಪೆರಿಯು ಇಳಿವಯಸ್ಸಿನಲ್ಲಿ ಕೈಗೆತ್ತಿಕೊಂಡನು. 1923ರಲ್ಲಿ ವಿಮಾನಚಾಲಕನಾಗಿದ್ದ ಮಗ ಲಾರೆನ್ಸನು ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಮಡಿದನು. ಆ ದುಃಖದಲ್ಲಿಯೂ ತಂದೆಯ ಕೆಲಸ ನಿಲ್ಲಲಿಲ್ಲ. 1928ರಲ್ಲಿ ಆತನ ಪರೀಕ್ಷಕ ಗಾಡಿಯು ಹಳಿಯ ಮೇಲೆ ಚಲಿಸಿತು. ಅದು ಹಳಿಯೊಳಗೆ ಪ್ರಬಲವಾದ ವಿದ್ಯುತ್ತನ್ನು ಹರಿಸುತ್ತಿತ್ತು. ಬಿರುಕಿದ್ದೆಡೆ ಪ್ರವಾಹವು ಪಕ್ಕಕ್ಕೆ ಸರಿಯಲು, ಸುತ್ತಲಿನ ಕಾಂತಕ್ಷೇತ್ರವು ಕದಡುತ್ತಿತ್ತು. ತಂತಿಯ ಸುರುಳಿಯೊಂದು ಅದನ್ನರಿತು ಕಾಗದದ ಮೇಲೆ ಗುರುತು ಮೂಡಿಸುತ್ತಿತ್ತು. 350ಕ್ಕೂ ಹೆಚ್ಚು ಪೇಟೆಂಟುಗಳನ್ನು ಗಳಿಸಿದ ಈ ಮಹನೀಯನು 1930ರ ಜೂನ್ 16ರಂದು ಕಾಲವಶನಾದನು.

ಆತನ ತರುವಾಯ ಈ ಕಾರ್ಯಕ್ಕೆ ನಮ್ಮ ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯು ಒದಗಿತು. ಉಕ್ಕಿನಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು 5,900 ಮೀಟರ್ ವೇಗದಿಂದ ಸಾಗುತ್ತದೆ. ಹಳಿಯ ತಲೆಯಿಂದ ಕಳುಹಿಸಿದ ಧ್ವನಿಯು ಬುಡಕ್ಕೆ ತಾಗಿ ಹಿಂದಿರುಗುವುದು ಸಹಜ. ನಡುವೆ ಅಡ್ಡ ಬಿರುಕಿದ್ದರೆ ಪ್ರತಿಧ್ವನಿಯು ಅದಕ್ಕಿಂತ ಮೊದಲೇ ಬರುತ್ತದೆ. ನೆಟ್ಟಗೆ ನಿಂತ ಬಿರುಕು ನೇರವಾಗಿ ಇಳಿಯುವ ಧ್ವನಿಗೆ ಸಿಕ್ಕದು; ಅದಕ್ಕಾಗಿ ಧ್ವನಿಯನ್ನು ಓರೆಯಾಗಿಯೂ ಕಳುಹಿಸುವರು. ನಮ್ಮ ಭಾರತದ ರೈಲ್ವೆಯಲ್ಲಿಯೂ ಈ ಪರೀಕ್ಷೆ ನಡೆಯುತ್ತದೆ.

ಆದರೆ ಧ್ವನಿಗೂ ಒಂದು ಮಿತಿಯುಂಟು. ಹಳಿಯ ಮೇಲ್ಮೈಯಲ್ಲಿ ಸಣ್ಣ ಸಣ್ಣ ಬಿರುಕುಗಳು ಹರಡಿದ್ದರೆ ಧ್ವನಿಯು ಅಲ್ಲಿಯೇ ತಡೆದು ಹಿಂದಿರುಗಿ, ಅವುಗಳ ಕೆಳಗಿರುವ ಹಿರಿಯ ಬಿರುಕು ಮರೆಯಾಗಿಬಿಡಬಹುದು. ಆದುದರಿಂದ ಮೇಲ್ಮೈಯನ್ನು ಉಜ್ಜಿ ನಯಗೊಳಿಸುವ ಯಂತ್ರವೂ, ಹಳಿಯುದ್ದಕ್ಕೂ ನಡೆದು ನೋಡುವ ಕೀಮ್ಯಾನನ ಕಣ್ಣೂ ಬೇಕಾಗುತ್ತವೆ. ವಿದ್ಯಾರ್ಥಿಗಳೇ, ನಾವು ಲೋಕಲ್ ಗಾಡಿಯಲ್ಲಿ ನಿಶ್ಚಿಂತೆಯಿಂದ ಶಾಲೆಗೆ ಬರುವುದರ ಹಿಂದೆ ಸ್ಪೆರಿಯಂತಹವರ ಬುದ್ಧಿಯಿರುವಂತೆ ಈ ಹೆಸರಿಲ್ಲದವರ ದುಡಿಮೆಯೂ ಇದೆ.