ವಿಲಿಯಂ ಕ್ಯಾರಿಯವರೂ ಶ್ರೀರಾಮಪುರದ ಬೆಂಕಿಯೂ

ವರುಷವೆಲ್ಲಾ ದುಡಿದು ಒಟ್ಟಿದ ಬಣವೆಯು ಒಂದೇ ರಾತ್ರಿಯಲ್ಲಿ ಉರಿದುಹೋಗುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಮಾರನೆಯ ದಿನ ನೇಗಿಲನ್ನು ಮುಟ್ಟುವುದಕ್ಕೆ ಕೈ ಏಳುವುದಿಲ್ಲ. ವರುಷಗಟ್ಟಲೆಯ ದುಡಿಮೆಯು ಹೀಗೆಯೇ ಉರಿದುಹೋದ ಒಬ್ಬರ ಸಂಗತಿಯನ್ನು ಇಲ್ಲಿ ಬರೆಯುತ್ತೇನೆ.

ವಿಲಿಯಂ ಕ್ಯಾರಿಯವರು ೧೭೬೧ನೇ ಇಸವಿಯಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ನೇಕಾರನ ಮಗನಾಗಿ ಹುಟ್ಟಿದರು. ಜೋಡು ಹೊಲಿಯುವ ಕಸುಬನ್ನು ಕಲಿತು, ಆ ಕೆಲಸದ ನಡುವೆಯೇ ಲತೀನ್, ಗ್ರೀಕ್, ಇಬ್ರಿಯ ಭಾಷೆಗಳನ್ನು ಅಭ್ಯಾಸಮಾಡಿದರು. ಆ ಕಸುಬಿನವರನ್ನು ಕಂಡು ಮೂಗು ಮುರಿಯುವವರು ನಮ್ಮ ದೇಶದಲ್ಲಿ ಇನ್ನೂ ಇರುವುದರಿಂದ ಇದನ್ನು ಮರೆಯದೆ ಹೇಳಬೇಕು.

೧೭೯೩ರಲ್ಲಿ ಅವರು ಹೆಂಡತಿ ಮಕ್ಕಳೊಡನೆ ಬಂಗಾಳಕ್ಕೆ ಬಂದು, ನೀಲಿ ಕಾರ್ಖಾನೆಯೊಂದರ ಮೇಲ್ವಿಚಾರಣೆಯಿಂದ ಜೀವನ ಸಾಗಿಸಿದರು. ಏಳು ವರುಷಗಳ ವರೆಗೆ ಒಬ್ಬ ಬಂಗಾಳಿಯೂ ದೀಕ್ಷಾಸ್ನಾನ ಹೊಂದಲಿಲ್ಲ. ೧೭೯೪ರಲ್ಲಿ ಐದು ವರುಷದ ಮಗ ಪೀಟರನು ರಕ್ತಭೇದಿಯಿಂದ ಸತ್ತನು. ಕುಣಿ ತೋಡುವುದಕ್ಕೂ ಊರಿನವರು ಜಾತಿಭಯದಿಂದ ಹಿಂಜರಿದರು. ಮನಸ್ಸಿಲ್ಲದೆ ಹಡಗು ಹತ್ತಿದ್ದ ಹೆಂಡತಿ ಡೊರೊಥಿಯಮ್ಮನವರಿಗೆ ಬುದ್ಧಿಭ್ರಮಣೆಯಾಗಿ, ೧೮೦೭ರಲ್ಲಿ ತೀರಿಕೊಳ್ಳುವ ವರೆಗೆ ಗುಣವಾಗಲಿಲ್ಲ. ಕ್ಯಾರಿಯವರನ್ನು ಹೊಗಳುವ ನಾವು ಈ ತಾಯಿಯು ತೆತ್ತದ್ದನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

೧೮೦೦ನೇ ಇಸವಿಯಲ್ಲಿ ಅವರು ಕಲ್ಕತ್ತೆಯ ಸಮೀಪದ ಶ್ರೀರಾಮಪುರಕ್ಕೆ ಬಂದು ಮಾರ್ಷ್‌ಮನ್, ವಾರ್ಡ್ ಎಂಬ ಜೊತೆಗಾರರೊಡನೆ ಅಚ್ಚುಕೂಟವನ್ನು ನಡಿಸತೊಡಗಿದರು. ಆ ವರುಷದ ಕೊನೆಯಲ್ಲಿ ಕೃಷ್ಣಪಾಲನೆಂಬ ಬಡಗಿಯು ದೀಕ್ಷಾಸ್ನಾನ ಹೊಂದಿದನು. ಮರುವರುಷ ಬಂಗಾಳಿ ಹೊಸ ಒಡಂಬಡಿಕೆಯು ಅಚ್ಚಾಯಿತು.

೧೮೧೨ನೇ ಮಾರ್ಚಿ ೧೧ನೇ ತಾರೀಖು ಸಾಯಂಕಾಲ ಆ ಅಚ್ಚುಕೂಟಕ್ಕೆ ಬೆಂಕಿ ಹತ್ತಿತು. ವಾರ್ಡರವರು ಗಾಳಿಯಾಡದಂತೆ ಬಾಗಿಲು ಕಿಟಕಿಗಳನ್ನೆಲ್ಲಾ ಮುಚ್ಚಿಸಿ, ಮಾಡಿನ ಮೇಲಿಂದ ತಾಸುಗಟ್ಟಲೆ ನೀರು ಹೊಯ್ಯಿಸಿದರು. ಬೆಂಕಿ ಅಡಗುತ್ತಾ ಬಂದಾಗ ಯಾರೋ ಅವಿವೇಕದಿಂದ ಒಂದು ಕಿಟಕಿಯನ್ನು ತೆರೆದರು. ಗಾಳಿ ನುಗ್ಗಿತು; ಮಧ್ಯರಾತ್ರಿಯ ಹೊತ್ತಿಗೆ ಮಾಡು ಕುಸಿದುಬಿತ್ತು. ಪ್ರಾಣನಷ್ಟವಾಗಲಿಲ್ಲ. ಕಾಗದದ ರಾಶಿಗಳೂ ಅನೇಕ ಭಾಷೆಗಳ ಅಕ್ಷರಗಳೂ ಹೋದವು. ಅವುಗಳನ್ನಾದರೂ ಹಣ ಕೊಟ್ಟು ತರಬಹುದು, ಕೈಬರಹಗಳನ್ನು ಎಲ್ಲಿಂದ ತರುವುದು? ಕ್ಯಾರಿಯವರು ಬಹುಕಾಲದಿಂದ ಕೂಡಿಸಿದ್ದ ಭಾರತೀಯ ಭಾಷೆಗಳ ದೊಡ್ಡ ನಿಘಂಟು, ತೆಲುಗು ವ್ಯಾಕರಣ, ನಮ್ಮ ಕನ್ನಡದ ಹೊಸ ಒಡಂಬಡಿಕೆ, ಇವೆಲ್ಲಾ ಬೂದಿಯಾದವು.

ಆ ರಾತ್ರಿ ಅವರು ಕಲ್ಕತ್ತೆಯಲ್ಲಿದ್ದರು. ಮರುದಿನ ಮಾರ್ಷ್‌ಮನರು ಹೋಗಿ ಸುದ್ದಿ ತಿಳಿಸಿದರು. ಹೊಗೆಯಾಡುತ್ತಿದ್ದ ಆ ನೆಲದ ಮೇಲೆ ನಡೆದಾಡುವಾಗ ಕ್ಯಾರಿಯವರ ಕಣ್ಣುಗಳಲ್ಲಿ ನೀರು ನಿಂತಿತ್ತು. ವಿಶ್ವಾಸಿಗಳು ಅಳಬಾರದೆಂದು ಬೋಧಿಸುವವರು ಇದನ್ನು ಗಮನಿಸಲಿ. ಬಳಿಕ ಅವರು ನಾಲ್ವತ್ತಾರನೇ ಕೀರ್ತನೆಯ ಮೇಲೆ, ದೇವರ ಚಿತ್ತದ ಮುಂದೆ ಸುಮ್ಮನಿರುವ ವಿಷಯವಾಗಿ ಪ್ರಸಂಗ ಮಾಡಿದರು. ಆದರೆ ಕೈಕಟ್ಟಿ ಕೂಡ್ರಲಿಲ್ಲ.

ಬೂದಿಯನ್ನು ಕೆದಕಿದಾಗ, ಅಕ್ಷರ ಎರೆಯುವುದಕ್ಕೆ ಬೇಕಾದ ಅಚ್ಚುಗಳು ಕೆಡದೆ ಸಿಕ್ಕಿದವು. ಕರಗಿ ಹೆಪ್ಪುಗಟ್ಟಿದ್ದ ಸೀಸವೂ ರಾಶಿಯಾಗಿ ಸಿಕ್ಕಿತು. ಮುದ್ರಣಯಂತ್ರಗಳು ಬೇರೆ ಕೋಣೆಯಲ್ಲಿದ್ದುದರಿಂದ ಉಳಿದಿದ್ದವು. ಬಂಗಾಳಿ ಕೆಲಸಗಾರರು ಹಗಲಿರುಳು ಅದೇ ಸೀಸವನ್ನು ಕರಗಿಸಿ ಹೊಸ ಅಕ್ಷರಗಳನ್ನು ಎರೆದರು. ಕೆಲವು ವಾರಗಳಲ್ಲಿಯೇ ಅಚ್ಚಿನ ಕೆಲಸವು ತಿರಿಗಿ ಸಾಗಿತು. ಸುದ್ದಿಯು ಇಂಗ್ಲೆಂಡಿಗೆ ಮುಟ್ಟಿದಾಗ ಅಲ್ಲಿಯ ಸಭೆಗಳು ಎರಡು ತಿಂಗಳೊಳಗೆ ನಷ್ಟದ ಹಣವನ್ನೆಲ್ಲಾ ಕೂಡಿಸಿಕೊಟ್ಟವು.

ಕೈಬರಹಗಳಿಗೆ ಮಾತ್ರ ಅಂಥ ಉಪಾಯವಿರಲಿಲ್ಲ. ಐವತ್ತು ವರುಷ ತುಂಬಿದ್ದ ಕ್ಯಾರಿಯವರು ಮೇಜಿನ ಮುಂದೆ ಕೂತು ತಿರಿಗಿ ಮೊದಲನೆಯ ಪುಟದಿಂದ ಬರೆಯತೊಡಗಿದರು. ಒಮ್ಮೆ ನಡೆದ ದಾರಿಯು ಎರಡನೆಯ ಸಾರಿ ಅಷ್ಟು ಕಷ್ಟವಾಗದೆಂಬುದೇ ಅವರಿಗಿದ್ದ ಸಮಾಧಾನ. ಆ ದೊಡ್ಡ ನಿಘಂಟು ಮಾತ್ರ ಮತ್ತೆ ಕೈಗೂಡಲೇ ಇಲ್ಲ. ತೆಲುಗು ವ್ಯಾಕರಣವು ೧೮೧೪ರಲ್ಲಿ ಅಚ್ಚಾಯಿತು. ಕನ್ನಡದಲ್ಲಿ ಸಂಪೂರ್ಣ ಸತ್ಯವೇದವು ಬಳ್ಳಾರಿಯ ಜಾನ್ ಹ್ಯಾಂಡ್ಸರವರ ಶ್ರಮದಿಂದ ೧೮೩೧ರಲ್ಲಿ ಮುಗಿಯಿತು. ಆದರೆ ಅದಕ್ಕೆ ಮುಂಚೆಯೇ, ೧೮೧೭ರಲ್ಲಿ, ಕನ್ನಡ ನಾಡನ್ನು ಎಂದೂ ಕಾಣದ ಕ್ಯಾರಿಯವರ ಕನ್ನಡ ವ್ಯಾಕರಣವು ಶ್ರೀರಾಮಪುರದ ಅದೇ ಅಚ್ಚುಕೂಟದಿಂದ ಹೊರಬಂದಿತ್ತು.