ಸೀಸರನನ್ನು ಕಾಡಿದ ಬೊಕ್ಕತಲೆ

ಕ್ರಿ.ಪೂ. 100ರಲ್ಲಿ ರೋಮಿನ ಕುಲೀನ ಮನೆತನದಲ್ಲಿ ಜನಿಸಿದ ಜೂಲಿಯಸ್ ಸೀಸರ್, ಗಾಲ್ ಪ್ರಾಂತ್ಯವನ್ನು ಗೆದ್ದು ರೋಮಿನ ಸರ್ವಾಧಿಕಾರಿಯಾದ. ಆದರೆ ತನ್ನ ಬೊಕ್ಕತಲೆಯನ್ನು ಗೆಲ್ಲಲು ಮಾತ್ರ ಆತನಿಗೆ ಸಾಧ್ಯವಾಗಲಿಲ್ಲ.

ವಿರೋಧಿಗಳ ಗೇಲಿಯಿಂದ ನೊಂದ ಆತ, ನೆತ್ತಿಯ ವಿರಳ ಕೂದಲನ್ನು ಹಣೆಯತ್ತ ಬಾಚಿಕೊಳ್ಳುತ್ತಿದ್ದನೆಂದು ಚರಿತ್ರಕಾರ ಸ್ಯೂಟೋನಿಯಸ್ ದಾಖಲಿಸಿದ್ದಾನೆ. ಕ್ರಿ.ಪೂ. 46ರ ವಿಜಯೋತ್ಸವದಲ್ಲಿ ಸ್ವಂತ ಸೈನಿಕರೇ ಆತನ ಬೊಕ್ಕತಲೆಯನ್ನು ಹಾಡಿನಲ್ಲಿ ಹಂಗಿಸಿದರು. ಸದಾಕಾಲ ಲಾರೆಲ್ ಎಲೆಗಳ ಕಿರೀಟ ಧರಿಸುವ ಹಕ್ಕು ದೊರೆತಾಗ, ಉಳಿದೆಲ್ಲ ಗೌರವಗಳಿಗಿಂತ ಅದೇ ಆತನಿಗೆ ಪ್ರಿಯವಾಯಿತು. ಕ್ರಿ.ಪೂ. 44ರ ಮಾರ್ಚ್ 15ರಂದು ಸೆನೆಟ್ ಸಭೆಯಲ್ಲೇ ಆತನ ಹತ್ಯೆಯಾಯಿತು.

ಪುರುಷರ ಬೊಕ್ಕತಲೆಗೆ ಪುರುಷ ಹಾರ್ಮೋನ್ ಹಾಗೂ ಆನುವಂಶಿಕತೆ ಕಾರಣವೆಂದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ತೋರಿಸಿದರು. ತಲೆಯ ಹಿಂಭಾಗದ ಕೂದಲನ್ನು ಮುಂಭಾಗಕ್ಕೆ ಕಸಿ ಮಾಡಿದರೂ ಅದು ತನ್ನ ಮೂಲಗುಣವನ್ನು ಉಳಿಸಿಕೊಂಡು ಬೆಳೆಯುವುದೆಂದು ನ್ಯೂಯಾರ್ಕಿನ ವೈದ್ಯ ನಾರ್ಮನ್ ಒರೆಂಟ್‌ರೀಚ್ 1959ರಲ್ಲಿ ಪ್ರಕಟಿಸಿದರು. ಇಂದು ಕೂದಲಿನ ಬೇರುಗಳನ್ನು ಒಂದೊಂದಾಗಿ ತೆಗೆದು ನೆಡುವ ವಿಧಾನವೂ ಇದೆ. ಆದರೂ ಕಸಿ ಹೊಸ ಕೂದಲನ್ನು ಸೃಷ್ಟಿಸದು, ಇರುವುದನ್ನೇ ಸ್ಥಳಾಂತರಿಸುತ್ತದೆ. ಸೀಸರನ ಬಾಚಣಿಗೆ ಮಾಡುತ್ತಿದ್ದುದೂ ಅದನ್ನೇ.